ಒಬ್ಬೊಬ್ಬರಿಗೂ ಒಂದೊಂದು ಸ್ಲೇಟು

ಪರೀಕ್ಷೆಯ ದಿನ ಬೆಳಗ್ಗೆ ಬೋರಿಂಗಿನಿಂದ ಎರಡು ಬಿಂದಿಗೆ ನೀರು ತಂದೆ. ಚಿಕ್ಕಮ್ಮನ ಮನೆಯ ಬಾಗಿಲು ಸಾರಿಸಿದೆ. ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿಕೊಟ್ಟೆ, ಆದರೆ ತಟ್ಟೆಗೆ ಹಾಕಿಸಿಕೊಂಡದ್ದನ್ನು ಹಾಗೇ ಮುಚ್ಚಿಟ್ಟೆ. ತಂಬಿಗೆಗೆ ಕೆಂಡ ಹಾಕಿ ಸೀರೆಯ ನೆರಿಗೆ ಉಜ್ಜಿದೆ. ಪೆನ್ನಿಗೆ ಇಂಕು ತುಂಬಿ, ಸೋರುತ್ತದೆಂದು ಕರವಸ್ತ್ರದಲ್ಲಿ ಸುತ್ತಿದೆ. ದೇವರಿಗೆ ಕೈಮುಗಿದು, ಕೋಲಾರದ ಪೇಟೆ ಬೀದಿಯಲ್ಲಿ ನಡೆದು, ಎಣ್ಣೆ ಅಂಗಡಿಯ ಪಕ್ಕದ ಮೆಟ್ಟಿಲ ಬುಡಕ್ಕೆ ಬಂದೆ. ಮೇಲೆ ನಮ್ಮ ಮೇಡಂ ನಿಂತಿದ್ದರು. ನಾನು ಮೊದಲು ನೋಡಿದ್ದು ಅವರ ಬಲಗೈ.

ಆ ಕೈಯ ಅಂಚು, ಕಿರುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಬೂದಿ ಬಣ್ಣಕ್ಕೆ ಇರುತ್ತಿತ್ತು. ಸ್ಲೇಟು ಒರೆಸಿ ಒರೆಸಿ ಬಳಪದ ಪುಡಿ ಗೆರೆಗೆರೆಯಲ್ಲಿ ಕೂತಿರುತ್ತಿತ್ತು. ಊಟಕ್ಕೆ ಕೈ ತೊಳೆದರೂ ಹೋಗುತ್ತಿರಲಿಲ್ಲ. ಅವತ್ತು ಆ ಕೈ ಕೆಂಪಗಿತ್ತು. ತೆಂಗಿನ ನಾರು ಹಾಕಿ ತಿಕ್ಕಿದ್ದರೆಂದು ನೋಡಿದರೇ ಗೊತ್ತಾಗುತ್ತಿತ್ತು. ನಾನು ನೋಡುತ್ತಿರುವುದನ್ನು ಕಂಡು ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಅದು ಎಂಬತ್ತರ ದಶಕದ ಕೊನೆಯ ಮಾತು. ಆ ಎಣ್ಣೆ ಅಂಗಡಿಯ ಮೇಲೆ ಹೆಣ್ಣುಮಕ್ಕಳಿಗೆಂದು ಒಂದು ವರ್ಷದ ಕಂಪ್ಯೂಟರ್ ತರಬೇತಿ ನಡೆಯುತ್ತಿತ್ತು. ಕಂಪ್ಯೂಟರ್ ಇದ್ದದ್ದು ಒಂದೇ. ಅದನ್ನು ಒಳಕೋಣೆಯಲ್ಲಿ ಹೂವಿನ ಬಟ್ಟೆ ಹೊದಿಸಿ ಇಟ್ಟಿದ್ದರು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಅದರ ಹಣೆಯ ಮೇಲೆ ಬೇಸಿಗೆವರೆಗೂ ಇತ್ತು. ಕರೆಂಟು ಇದ್ದರೆ ನಮ್ಮ ಸರದಿ ಇರುತ್ತಿರಲಿಲ್ಲ, ನಮ್ಮ ಸರದಿ ಬಂದರೆ ಕರೆಂಟು ಇರುತ್ತಿರಲಿಲ್ಲ. ಹಾಗಾಗಿ ನಾವು ಕಲಿತದ್ದೆಲ್ಲ ಕಾಗದದ ಮೇಲೆ, ಸೂಡೋಕೋಡಿನಲ್ಲಿ. ಅಂದರೆ ಯಂತ್ರದ ಭಾಷೆಯಲ್ಲಿ ಅಲ್ಲದೆ, ನಾವು ಮಾತಾಡುವ ರೀತಿಗೆ ಹತ್ತಿರವಾಗಿ, ಮೊದಲು ಇದು ಮಾಡು ಆಮೇಲೆ ಅದು ಮಾಡು ಎಂದು ಬರೆಯುವ ಬರಹದಲ್ಲಿ. ಬರೆದದ್ದನ್ನು ಓಡಿಸುವ ಯಂತ್ರವೂ ನಮ್ಮ ತಲೆಯೇ.

ಮೇಡಂ ಮಾಲೂರಿನವರು. ಇಟ್ಟಿಗೆ ಗೂಡುಗಳ ಹಿಂದಿನ ಬೀದಿಯಲ್ಲಿ ಅವರ ಮನೆ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ, ದುಡಿಯುವವರು ಇವರೊಬ್ಬರೇ. ಲೆಕ್ಕದಲ್ಲಿ ಪದವಿ ಮುಗಿಸಿದ್ದವರು, ಗಂಡ ಹೋದ ಮೇಲೆ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಈ ವಿದ್ಯೆ ಕಲಿತು ಬಂದಿದ್ದರು. ನಮ್ಮಲ್ಲಿ ಅವರ ಕೆಲಸ ಟೆಂಪರರಿ. ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ, ಮುಂದಿನ ಬ್ಯಾಚಿಗೆ ಇರಬೇಕೋ ಬೇಡವೋ ಎಂದು ಪ್ರಿನ್ಸಿಪಾಲರು ಹೇಳುತ್ತಿದ್ದರು.

ಮಾಲೂರಿನಿಂದ ಬಸ್ಸಿನಲ್ಲಿ ಬರುವಾಗ ಅವರ ಕೈಯಲ್ಲಿ ವೈರಿನ ಬುಟ್ಟಿ. ಅದರಲ್ಲಿ ಮರದ ಚೌಕಟ್ಟಿನ ಸ್ಲೇಟುಗಳು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅವು ಟಕಟಕ ಎನ್ನುತ್ತಿದ್ದವಂತೆ. ಕಂಡಕ್ಟರು ದಿನವೂ ಕೇಳುವನಂತೆ, ಏನ್ ಮೇಡಮ್ಮೋರೆ, ಒಂದ್ನೇ ಕ್ಲಾಸ್ ಪಾಸಾಗ್ಲಿಲ್ವಾ ಇನ್ನೂ ಅಂತ. ಇಲ್ಲಪ್ಪಾ, ಈ ವರ್ಷಾನೂ ಫೇಲು ಅನ್ನುವರಂತೆ ಇವರು. ಪಾಠಕ್ಕೆ ಮುಂಚೆ ಲೋಟ ಎತ್ತಿ ತುಟಿಗೆ ತಾಗಿಸದೆ ನೀರು ಕುಡಿಯುತ್ತಿದ್ದರು. ಮನೆಮಾತು ತೆಲುಗು. ಪಾಠ ಕನ್ನಡದಲ್ಲೇ ಮಾಡಿದರೂ, ಎದೆ ಹೊಡೆದುಕೊಳ್ಳುವಾಗ ಮಾತ್ರ ಎಣಿಕೆ ತೆಲುಗಿಗೆ ತಿರುಗಿಬಿಡುತ್ತಿತ್ತು. ಒಕಟಿ, ರೆಂಡು, ಮೂಡು ಎಂದು ತುಟಿ ಅಲ್ಲಾಡಿದರೆ ನಮಗೆ ತಿಳಿಯುತ್ತಿತ್ತು, ಏನೋ ಆಗಿದೆ ಎಂದು. 'ಅರ್ಥ ಆಯ್ತಾ?' ಎಂದು ಒಂದು ದಿನವೂ ಕೇಳಿದವರಲ್ಲ. ಕೇಳುತ್ತಿದ್ದದ್ದು, 'ಈಗ ಯಾರ್ಯಾರು ಕಾಯ್ತಾ ಇದಾರೆ, ಹೇಳು.'

ಆ ಪ್ರಶ್ನೆ ಹುಟ್ಟಿದ್ದು ರಿಕರ್ಷನ್ ಪಾಠದಲ್ಲಿ. ಒಂದು ಕೆಲಸವನ್ನು ಮಾಡುವುದಕ್ಕೆ ಅದೇ ಕೆಲಸವನ್ನು ಇನ್ನೂ ಸ್ವಲ್ಪ ಚಿಕ್ಕದಾಗಿಸಿ ಕರೆಯುವುದು. ಅವರು ತಮ್ಮ ಬೀದಿಯ ಇಟ್ಟಿಗೆ ಗುಡ್ಡೆಯನ್ನೇ ಬೋರ್ಡಿನ ಮೇಲೆ ಬರೆದರು. ತುದಿಯಲ್ಲಿ ಒಂದು ಇಟ್ಟಿಗೆ, ಅದರ ಕೆಳಗೆ ಎರಡು, ಅದರ ಕೆಳಗೆ ಮೂರು, ಬುಡದಲ್ಲಿ ನಾಲ್ಕು. ನಾಲ್ಕು ಸಾಲಿನ ಗುಡ್ಡೆಯಲ್ಲಿ ಇಟ್ಟಿಗೆ ಎಷ್ಟು? ಬುಡದ ನಾಲ್ಕು, ಜೊತೆಗೆ ಅದರ ಮೇಲೆ ಕೂತಿರುವ ಮೂರು ಸಾಲಿನ ಗುಡ್ಡೆಯಲ್ಲಿ ಎಷ್ಟಿವೆಯೋ ಅಷ್ಟು. ಹಾಗೆಂದು ಪಕ್ಕದಲ್ಲಿ ಬರೆದರು:

ಗುಡ್ಡೆ (ಎನ್)
ಎನ್ ಒಂದಾದರೆ, 'ಒಂದು' ಎಂದು ಹೇಳು
ಇಲ್ಲದಿದ್ದರೆ, ಗುಡ್ಡೆ (ಎನ್ ಕಳೆ ಒಂದು) ಎಷ್ಟೆಂದು ಕೇಳು; ಬಂದ ಉತ್ತರಕ್ಕೆ ಎನ್ ಕೂಡಿಸಿ ಹೇಳು

ನನಗೆ ತಲೆ ತಿರುಗಿತು. ಗುಡ್ಡೆ ಎಷ್ಟು ಎಂದರೆ ಗುಡ್ಡೆಯನ್ನೇ ಕೇಳು ಎನ್ನುತ್ತದೆ. ಇದ್ಯಾವ ಉತ್ತರ? ಸ್ಲೇಟು ಕೊಟ್ಟು ಮಾಡಿ ತೋರಿಸು ಎಂದರು. ನಾನು ನಾಲ್ಕು ಎಂದು ಬರೆದೆ. ಮೂರನ್ನು ಕೇಳಬೇಕಲ್ಲ, ನಾಲ್ಕನ್ನು ಒರೆಸಿ ಮೂರು ಬರೆದೆ. ಅದನ್ನು ಒರೆಸಿ ಎರಡು. ಅದನ್ನೂ ಒರೆಸಿ ಒಂದು. ಒಂದಾದರೆ ಒಂದು ಎಂದು ಹೇಳು ಎಂದಿದೆ, ಒಂದು ಎಂದೆ. ಸ್ಲೇಟಿನ ಮೇಲೆ ಉಳಿದದ್ದು ಅದೊಂದೇ.

'ಅಷ್ಟು ದೊಡ್ಡ ಗುಡ್ಡೇಲಿ ಒಂದೇ ಇಟ್ಟಿಗೆನಾ? ಮಿಕ್ಕಿದ್ದು ಯಾರು ಹೊತ್ಕೊಂಡ್ ಹೋದ್ರೇ?' ಎಂದು ಮುಳಬಾಗಿಲಿನ ಹುಡುಗಿ ಹಿಂದಿನಿಂದ ಕೇಳಿದಳು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಯಾಕೆ ಒರೆಸಿದೆ ಎಂದು ಕೇಳಿದರು.

ಯಾಕೆಂದರೆ ಏನು ಹೇಳಲಿ? ಯಲ್ದೂರಿನ ನಮ್ಮ ಮನೆಯಲ್ಲಿ ಅಕ್ಕತಂಗಿಯರಿಗೆಲ್ಲ ಇದ್ದದ್ದು ಒಂದು ಸ್ಲೇಟು. ಒಬ್ಬಳದಾದ ಮೇಲೆ ಒರೆಸಿ ಇನ್ನೊಬ್ಬಳು ಬರೆಯಬೇಕು. ಅಡುಗೆಮನೆಯಲ್ಲೂ ಅದೇ. ಎರಡನೇ ಪಾತ್ರೆ ತೆಗೆದರೆ, ತಿಕ್ಕೋಳು ಯಾರು, ನಿಮ್ಮತ್ತೇನಾ ಎಂದು ಅಮ್ಮ ಬೈಯುತ್ತಿದ್ದಳು. ಇದ್ದುದನ್ನೇ ಬಳಿದು, ತೊಳೆದು, ಅದರಲ್ಲೇ ಮುಂದಿನದು ಮಾಡುವುದು ನಮಗೆ ಕೈಯಲ್ಲೇ ಬಂದ ಗುಣ. ಅದನ್ನೇ ಹೇಳಿದೆ. ಮೇಡಂ ಬುಟ್ಟಿಯಿಂದ ಇನ್ನೂ ಮೂರು ಸ್ಲೇಟು ತೆಗೆದು ನನ್ನ ಮುಂದೆ ಸಾಲಾಗಿ ಇಟ್ಟರು.

'ಒರೆಸ್ಬೇಡ ಕಣೇ. ನಾಲ್ಕು ಎಲ್ಲಿಗೂ ಹೋಗಿಲ್ಲ. ಮೂರು ಏನು ಹೇಳುತ್ತೋ ಅಂತ ಕೈ ಚಾಚ್ಕೊಂಡು ಇಲ್ಲೇ ನಿಂತಿದೆ. ನೀನು ಅದನ್ನ ಅಳಿಸಿಬಿಟ್ರೆ, ಬಂದ ಉತ್ತರ ಯಾರ ಕೈಗೆ ಕೊಡ್ತೀಯ? ಹೆಸರು ಒಂದೇ ಇರ್ಲಿ, ಕೆಲಸ ಒಂದೇ ಇರ್ಲಿ. ಕರೆದಾಗಲೆಲ್ಲ ಒಂದು ಹೊಸ ಸ್ಲೇಟು.'

ಮರುದಿನ ನಮ್ಮನ್ನು ಮೆಟ್ಟಿಲಿಗೆ ಕರೆದುಕೊಂಡು ಹೋದರು. ಮೆಟ್ಟಿಲಿಗೊಬ್ಬಳಂತೆ ನಾಲ್ವರು, ಕೈಯಲ್ಲಿ ಒಂದೊಂದು ಸ್ಲೇಟು. ಎಲ್ಲಕ್ಕಿಂತ ಮೇಲಿನವಳ ಸ್ಲೇಟಿನಲ್ಲಿ ನಾಲ್ಕು. ಅವಳು ಕೆಳಗಿನವಳನ್ನು ಕೇಳಬೇಕು, ಉತ್ತರ ಬರುವ ತನಕ ಕದಲಬಾರದು. ಆ ಕೆಳಗಿನವಳು ತನ್ನ ಕೆಳಗಿನವಳನ್ನು. ಕೊನೆಯವಳು ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ, ಅವಳದು ಒಂದು. ಆ 'ಒಂದು' ಮೇಲಕ್ಕೆ ಬಂದಾಗ ಅವಳ ಮೇಲಿನವಳು ತನ್ನ ಎರಡು ಸೇರಿಸಿ ಮೂರು ಎಂದಳು, ಅದರ ಮೇಲಿನವಳು ಆರು, ಮೇಲಿದ್ದ ಮುಳಬಾಗಿಲಿನವಳು ಹತ್ತು. ಇಳಿಯುವಾಗ ಯಾರೂ ಕೂಡಿಸಿರಲಿಲ್ಲ. ಕೂಡಿಸುವುದೆಲ್ಲ ಹತ್ತುವಾಗ. ಅಷ್ಟು ಹೊತ್ತಿಗೆ ನನಗೆ ಒಳಗೆಲ್ಲೋ ಒಂದು ಚಿಲಕ ಅಲ್ಲಾಡಿತು, ತೆರೆಯಲಿಲ್ಲ.

ಎರಡನೇ ಸುತ್ತಿನಲ್ಲಿ ಕೊನೆಯ ಮೆಟ್ಟಿಲಿನವಳು 'ಒಂದಾದರೆ' ಎಂಬ ಸಾಲು ಮರೆತಳು. ಸೊನ್ನೆ ಸಾಲಿನ ಗುಡ್ಡೆ ಎಷ್ಟು ಎಂದು ಕೇಳುತ್ತಾ ಬೀದಿಗಿಳಿದಳು. ಅಲ್ಲಿ ಎಣ್ಣೆ ಅಂಗಡಿಯವರು ಇದ್ದರು, ಅವರನ್ನೇ ಕೇಳಿದಳು. ಮೇಡಂ ಮೇಲಿನಿಂದ ಹೇಳಿದರು, ಬಿಡಿ, ಹಿಂಗೇ ಕೇಳ್ಕೊಂಡು ಬಂಗಾರಪೇಟೆ ಸೇರಲಿ, ನಿಲ್ಲೋ ಜಾಗ ಹೇಳದಿದ್ರೆ ಯಾರಿಗಾದ್ರೂ ಇದೇ ಗತಿ ಎಂದು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ ಪ್ರಿನ್ಸಿಪಾಲರು ಬಂದರು. ಮೆಟ್ಟಿಲಲ್ಲಿ ದಾರಿಯಿರಲಿಲ್ಲ. ಸರಿಯಮ್ಮಾ ಎಂದರೆ ಮುಳಬಾಗಿಲಿನವಳು ನಿಜವಾಗಿಯೂ ಸರಿಯಲಿಲ್ಲ.

'ಕೆಳಗಿಂದ ಉತ್ತರ ಬರೋವರ್ಗೂ ನಾನು ಕದಲಂಗಿಲ್ಲ ಸಾರ್.'

ಪ್ರಿನ್ಸಿಪಾಲರು ಕೆಟ್ಟವರಲ್ಲ. ಅವರ ಭಯ ಅವರಿಗೆ. ವೈವಾ ಎನ್ನುವ ಬಾಯಿ ಪರೀಕ್ಷೆಗೆ ಬೆಂಗಳೂರಿನಿಂದ ಎಕ್ಸಾಮಿನರು ಬರುವವರಿದ್ದರು. ಕಂಪ್ಯೂಟರ್ ಕಲಿಸುತ್ತೇವೆಂದು ಬೋರ್ಡು ಹಾಕಿಕೊಂಡು ಒಳಗೆ ಸ್ಲೇಟು ಬಳಪ ಇಟ್ಟುಕೊಂಡಿದ್ದಾರೆ ಎಂದು ಅವರು ನಕ್ಕರೆ ಸಂಸ್ಥೆಯ ಮಾನ ಏನಾಗಬೇಕು? ಅದರ ಮೇಲೆ, ಆ ವಾರದ ಕಿರುಪರೀಕ್ಷೆಯಲ್ಲಿ ನನ್ನಂಥವರು ಹಲವರು ರಿಕರ್ಷನ್ ಲೆಕ್ಕವನ್ನು ಮತ್ತೆ ಕೆಡಿಸಿದ್ದೆವು. ಅವರು ಮೇಡಂ ಅವರನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ಅರ್ಧ ತೆರೆದಿತ್ತು, ಹೊರಗಿದ್ದ ನಮಗೆಲ್ಲ ಕೇಳಿಸಿತು. ಸ್ಲೇಟು ನಾಳೆಯಿಂದ ಬೇಡ. ವೈವಾದಲ್ಲಿ ಈ ಹುಡುಗಿಯರು ಬಾಯಿ ಬಿಡದೆ ನಿಂತರೆ, ಮುಂದಿನ ವರ್ಷಕ್ಕೆ ಬೆಂಗಳೂರಿನಿಂದಲೇ ಯಾರನ್ನಾದರೂ ಕರೆಸಬೇಕಾಗುತ್ತದೆ, ನೀವು ಬೇರೆ ಕಡೆ ನೋಡಿಕೊಳ್ಳಿ. ಮೇಡಂ 'ಆಗಲಿ ಸಾರ್' ಎಂದಷ್ಟೇ ಹೇಳಿದ್ದು ಕೇಳಿಸಿತು. ಆಮೇಲೆ ಬಂದು, ಏನೂ ಆಗದವರ ಹಾಗೆ ಪಾಠ ಮುಂದುವರಿಸಿದರು. ತುಟಿ ಮಾತ್ರ ತೆಲುಗಿನಲ್ಲಿ ಎಣಿಸುತ್ತಿತ್ತು.

ವೈವಾದ ದಿನಕ್ಕೆ ಅವರು ಕೈ ತಿಕ್ಕಿಕೊಂಡು ಬಂದದ್ದು ಹಾಗಾಗಿ.

ಎಕ್ಸಾಮಿನರು ಸಣಕಲು ಮನುಷ್ಯರು, ಮಾತು ಕಡಿಮೆ. ಚಪ್ಪಲಿ ಬಿಡಿ ಎಂದಾಗ ಒಂದು ಕ್ಷಣ ನೋಡಿ ಬಿಟ್ಟರು. ಪ್ರಿನ್ಸಿಪಾಲರು ಜಾಣ ಹುಡುಗಿಯೊಬ್ಬಳನ್ನು ಮುಂದೆ ಮಾಡಿದರು. ಎಕ್ಸಾಮಿನರು ಬೇಡವೆಂದು, ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ಕರೆದರು. ಮೇಡಂ ಕಿಟಕಿಯ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತರು. ಬೋರ್ಡಿನ ತುಂಬ ದೊಡ್ಡ ಅಕ್ಷರದಲ್ಲಿ ಎಕ್ಸಾಮಿನರು ಇಂಗ್ಲಿಷಿನಲ್ಲಿ ಬರೆದದ್ದು ನಮ್ಮ ಮಾತಿನಲ್ಲಿ ಹೀಗಿತ್ತು:

ಇಳಿ (ಎನ್)
ಎನ್ ಸೊನ್ನೆಯಾದರೆ ಹಿಂದಿರುಗು
ಎನ್ ಬರೆ
ಇಳಿ (ಎನ್ ಕಳೆ ಒಂದು)
ಎನ್ ಬರೆ

ಎನ್ ಮೂರು ಎಂದು ಕೊಟ್ಟರೆ ಏನೇನು ಬರೆಯುತ್ತದೆ ಎಂದು ಕೇಳಿದರು. ಮೂರು, ಎರಡು, ಒಂದು ಎಂದೆ. ಆಮೇಲೆ ಎಂದರು. ಸೊನ್ನೆ ಬಂತು ಸಾರ್, ನಿಂತುಹೋಯಿತು ಎಂದೆ.

'ಮುಗೀತಾ?'

ಪ್ರಿನ್ಸಿಪಾಲರ ಕುರ್ಚಿ ಕಿರುಗುಟ್ಟಿತು. ಕೆಳಗೆ ಅಂಗಡಿಯಲ್ಲಿ ಯಾರೋ ಡಬ್ಬ ಹೊರಳಿಸುತ್ತಿದ್ದರು. ನಾನು ಕಿಟಕಿಯ ಕಡೆ ನೋಡಬಾರದು ಎಂದುಕೊಂಡೇ ನೋಡಿದೆ. ಮೇಡಂ ನನ್ನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಹೌದು ಎಂದುಬಿಟ್ಟರೆ ಮುಗಿಯುತ್ತದೆ. ನನ್ನ ಸರದಿಯೂ, ಅವರ ಕೆಲಸವೂ. ಬೋರ್ಡಿನ ಕೊನೆಯ ಸಾಲು ಕಣ್ಣಿಗೆ ಬಿತ್ತು. ಎನ್ ಬರೆ. ಅದನ್ನು ಇನ್ನೂ ಯಾರೂ ಮಾಡಿಯೇ ಇಲ್ಲ. ಹಾಗಾದರೆ ಯಾರೋ ಕಾಯುತ್ತಿರಬೇಕು.

ಬೋರ್ಡಿನಲ್ಲಿ ಜಾಗವಿರಲಿಲ್ಲ. ನೆಲದ ಮೇಲೆ ಬರೆಯಬಹುದೇ ಎಂದು ಕೇಳಿದೆ. ಪ್ರಿನ್ಸಿಪಾಲರು ಏನೋ ಹೇಳಹೊರಟರು. ಎಕ್ಸಾಮಿನರು ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು. ಸೆರಗು ಸಿಕ್ಕಿಸಿಕೊಂಡು, ಬಾಗಿಲ ಮುಂದೆ ರಂಗೋಲಿಗೆ ಕೂರುವ ಹಾಗೆ ಕೂತು, ಕೆಂಪು ಗಾರೆಯ ಮೇಲೆ ಒಂದು ಚೌಕ ಎಳೆದೆ. ಒಳಗೆ ಮೂರು. ಇದು ಮೂರು ಎಂದು ಬರೆದಾಯಿತು, ಎರಡನ್ನು ಕರೆದು ಇಲ್ಲೇ ನಿಂತಿತು, ಇದಕ್ಕೆ ಇನ್ನೂ ಒಂದು ಸಾಲಿನ ಕೆಲಸ ಬಾಕಿ. ಪಕ್ಕದಲ್ಲಿ ಇನ್ನೊಂದು ಚೌಕ, ಎರಡು. ಅದೂ ಬರೆದು, ಒಂದನ್ನು ಕರೆದು ನಿಂತಿತು. ಮತ್ತೊಂದು ಚೌಕ, ಒಂದು. ಕೊನೆಗೆ ಸೊನ್ನೆಯ ಚೌಕ. ಇದು ಏನೂ ಬರೆಯುವುದಿಲ್ಲ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಇದರ ಕೆಲಸ ಮುಗಿಯಿತು, ಇದೊಂದನ್ನು ಒರೆಸಬಹುದು ಎಂದು ಅಂಗೈಯಿಂದ ಒರೆಸಿದೆ.

ಎಕ್ಸಾಮಿನರು ಕುರ್ಚಿ ಬಿಟ್ಟು ಎದ್ದು ನನ್ನ ತಲೆಯ ಮೇಲೆ ಬಂದು ನಿಂತಿದ್ದರು.

'ಈಗ ಎನ್ ಎಷ್ಟಮ್ಮಾ?'

ಚೌಕಗಳ ಕಡೆ ಬೆರಳು ತೋರಿಸಿದೆ. 'ಯಾವ ಎನ್ ಸಾರ್? ಇಲ್ಲಿ ಮೂರು ಜನ ಕಾಯ್ತಾ ಇದಾರೆ.'

ಅವರು ನಗಲಿಲ್ಲ. ಮೊದಲು ಯಾರಿಗೆ ಬಿಡುಗಡೆ ಎಂದರು. ಕೊನೆಗೆ ಬಂದು ನಿಂತವರಿಗೆ ಎಂದೆ. ಒಂದು ಬರೆದು ಆ ಚೌಕ ಒರೆಸಿದೆ. ಎರಡು ಬರೆದು ಅದರ ಚೌಕ. ಮೂರು ಬರೆದು ಅದರದೂ. ನೆಲದ ಮೇಲೆ ಚೌಕ ಒಂದೂ ಉಳಿಯಲಿಲ್ಲ. ಮೂರು, ಎರಡು, ಒಂದು, ಮತ್ತೆ ಒಂದು, ಎರಡು, ಮೂರು; ಈಗ ಮುಗಿಯಿತು ಸಾರ್ ಎಂದೆ. ಅವರು ಹ್ಞೂಂ ಎಂದು, ಮುಂದಿನವರು ಎಂದರು. ಅಷ್ಟೇ. ಒಂದು ಒಳ್ಳೆಯ ಮಾತಿಲ್ಲ, ಕೆಟ್ಟ ಮಾತೂ ಇಲ್ಲ.

ಮಧ್ಯಾಹ್ನವೆಲ್ಲ ಹಾಗೇ ಹೋಯಿತು. ಕೆಲವರು ಹೇಳಿದರು, ಕೆಲವರು ತಡವರಿಸಿದರು. ಎಕ್ಸಾಮಿನರು ಅಂಕ ಬರೆದ ಕಾಗದ ಮಡಿಸಿಕೊಂಡು ಹೊರಟಾಗ ಪ್ರಿನ್ಸಿಪಾಲರು ಮೆಟ್ಟಿಲವರೆಗೆ ಹೋಗಿ ಬಂದು, ಮೇಡಂ ಅವರನ್ನು ಒಳಗೆ ಕರೆದರು. ಈ ಸಲ ಬಾಗಿಲು ಪೂರ್ತಿ ಮುಚ್ಚಿತ್ತು. ಶ್ರೀನಿವಾಸಪುರದ ಬಸ್ಸಿಗೆ ಹೋಗುವವರು, ಮುಳಬಾಗಿಲಿಗೆ ಹೋಗುವವರು ಒಬ್ಬೊಬ್ಬರೇ ಎದ್ದು ಹೋದರು. ನಾನು ಎಣ್ಣೆ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತೆ. ಮೇಡಂ ಕೆಳಗಿಳಿದು ಬಂದಾಗ ಅವರ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಇವತ್ತು ನಮ್ಮನೆಗೆ ಬಾರೇ, ನಾಳೆ ಬೆಳಗ್ಗೆ ಕಳಿಸ್ತೀನಿ ಎಂದರು. ಅಂಗಡಿಯವರ ಹತ್ತಿರ ಚಿಕ್ಕಮ್ಮನಿಗೆ ಹೇಳಿಕಳಿಸಿ, ಅವರ ಜೊತೆ ಮಾಲೂರಿನ ಬಸ್ಸು ಹತ್ತಿದೆ.

ಊರು ದಾಟಿ ಎಷ್ಟೋ ಹೊತ್ತಿನ ಮೇಲೆ, ಕಿಟಕಿಯ ಕಡೆಗೇ ನೋಡುತ್ತಾ ಹೇಳಿದರು.

'ಹೊಸ ಬ್ಯಾಚಿಗೂ ನೀವೇ ಬನ್ನಿ ಅಂದ್ರು.'

ಸ್ಲೇಟಿನ ವಿಷಯ ಏನಂದರು ಎಂದು ಕೇಳಿದೆ.

'ಅವರು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.'

ಆಮೇಲೆ ಹಲವಾರು ವರ್ಷ ಅವರು ಅಲ್ಲೇ ಕಲಿಸಿದರು. ಸಂಸ್ಥೆ ಮುಚ್ಚಿದ ಮೇಲೆ ಮಾಲೂರಿನ ಮನೆಯ ಹಜಾರದಲ್ಲೇ ಹುಡುಗಿಯರಿಗೆ ಲೆಕ್ಕ ಹೇಳಿಕೊಟ್ಟರಂತೆ. ನಾನು ಶ್ರೀನಿವಾಸಪುರದಲ್ಲಿ ಆಫೀಸಿನ ಕೆಲಸಕ್ಕೆ ಸೇರಿದೆ, ಮದುವೆಯಾದೆ, ಮಕ್ಕಳಾದರು. ಈ ಸಂಸಾರವೆಂಬುದು ಒಂದು ಕೆಲಸ ಮುಗಿಯುವ ಮುಂಚೆ ಇನ್ನೊಂದು ಕರೆಯುವ ಜಾಗ. ಸಾರಿಗೆ ಬೇಳೆ ಇಟ್ಟಾಗ ಮಗುವಿಗೆ ಜ್ವರ, ಮಗುವಿಗೆ ಕಷಾಯ ಹಿಡಿದಾಗ ಬಾಗಿಲಲ್ಲಿ ಯಾರೋ. ಹೊಸದಾಗಿ ಬಂದವರೆಲ್ಲ ಇದರಲ್ಲಿ ಕಂಗೆಡುತ್ತಾರೆ. ನಾನು ಅಷ್ಟಾಗಿ ಕಂಗೆಟ್ಟವಳಲ್ಲ. ಎಲ್ಲಿ ಬಿಟ್ಟೆನೆಂಬುದನ್ನು ಅಲ್ಲೇ ಇಟ್ಟು ಹೋಗಿ, ಕೊನೆಗೆ ಬಂದದ್ದನ್ನು ಮೊದಲು ಮುಗಿಸಿ, ಅದರ ಹಿಂದಿನದಕ್ಕೆ, ಅದರ ಹಿಂದಿನದಕ್ಕೆ ತಿರುಗಿ ಬರುವುದನ್ನು ಅವರು ಕಲಿಸಿದ್ದರು. ಆಫೀಸಿನಲ್ಲಿ ಸಂಬಳ ಕೊಟ್ಟದ್ದು ಆ ವಿದ್ಯೆಗೆ, ಮನೆಯಲ್ಲಿ ನನ್ನನ್ನು ನಿಲ್ಲಿಸಿದ್ದೂ ಅದೇ. ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ, ಮುಳಬಾಗಿಲಿನವಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದಾಗ. ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತೆವು. ಅವಳ ಬಸ್ಸು ಹೋಯಿತು, ನನ್ನದೂ ಹೋಯಿತು.

ವೈವಾದ ದಿನದ ಆ ಸಂಜೆಯ ಮಾತು ಸ್ವಲ್ಪ ಉಳಿದಿದೆ. ಮಾಲೂರಿನಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಅವರ ಅತ್ತೆ ಬಾಗಿಲಲ್ಲೇ ಕೂತಿದ್ದರು. ಬಾಯಿ ಜೋರಿನ ಹೆಂಗಸು ಎಂದು ಕೇಳಿದ್ದೆ. ಏಮಾಯ್ತು ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳಿದರು. ಇದೆ ಅಂತಂದ್ರು ಅತ್ತೆ, ಕೆಲಸ ಇದೆ ಎಂದರು ಮೇಡಂ. ಮುದುಕಿ ಎದ್ದು ಒಲೆಗೆ ಸೌದೆ ಹಾಕಿದರು. ಆ ಮನೆಯಲ್ಲಿ ಸೊಸೆ ಬಡಿಸಿ, ಅತ್ತೆ ಉಂಡು, ಪಾತ್ರೆ ತೊಳೆದು, ಅತ್ತೆಗೆ ಹಾಸಿಕೊಟ್ಟು, ಎಲ್ಲಕ್ಕಿಂತ ಕೊನೆಗೆ ಸೊಸೆ ಮಲಗುವುದು ರೂಢಿಯಂತೆ. ಅವತ್ತು ಅತ್ತೆಯೇ ಮುದ್ದೆ ಕಟ್ಟಿದರು. ದಂಟಿನ ಸೊಪ್ಪಿನ ಬಸ್ಸಾರು, ಪಲ್ಯ, ನೆಂಚಿಕೊಳ್ಳಲು ಮಾವಿನಕಾಯಿ ಚಟ್ನಿ. ಬೆಳಗ್ಗೆಯಿಂದ ಏನೂ ತಿನ್ನದ ನಾನು ಎರಡು ಮುದ್ದೆ ಉಂಡೆ. ಮೇಡಂ ಒಂದು ಉಂಡು, ಕೈ ತೊಳೆದು ಬಂದು ಗೋಡೆಗೆ ಒರಗಿದವರು, ನಾನು ತಟ್ಟೆ ಎತ್ತುವಷ್ಟರಲ್ಲಿ ಹಾಗೇ ನಿದ್ದೆ ಹೋಗಿದ್ದರು. ಏಳಿಸಲು ಹೋದ ನನ್ನ ಕೈಯನ್ನು ಅತ್ತೆ ತಡೆದರು.

'ಪಡುಕೋನೀ, ಲೇಪೊದ್ದು,' ಎಂದರು. ಮಲಗಲಿ ಬಿಡು, ಏಳಿಸಬೇಡ.

ಅವರೇ ದಿಂಬು ತಂದು ತಲೆಯ ಕೆಳಗೆ ಸರಿಸಿದರು. ಆಮೇಲೆ ನಾವಿಬ್ಬರೂ ಸದ್ದಾಗದಂತೆ ಪಾತ್ರೆ ತೊಳೆದೆವು.